ಪುರವಂತನ ಉಸಿರಿಗೆ ಬಿಲ್ವದ ಎಸಳು

ಊರ ಹೊರಗಿನ ಗುಡ್ಡದ ಓರೆಯಲ್ಲಿ ಒಂದು ಗುಡಿಸಲು, ಅದರ ಮುಂದೊಂದು ಬಿಲ್ವದ ಮರ, ಮರದ ಕೆಳಗೆ ಎರಡು ಹಸು. ಪೂಜ್ಯ ಅಡವಯ್ಯ ಅಜ್ಜನವರ ಮಠವೆಂದರೆ ಇಷ್ಟೇ. ವಿಭೂತಿಗೆ ಬೇಕಾದ ಕುಳ್ಳನ್ನು ಅವರು ತಾವೇ ತಟ್ಟುತ್ತಿದ್ದರು. ದರ್ಶನಕ್ಕೆ ಬಂದವರಿಗೆ ಮೊದಲು ಕಾಣುತ್ತಿದ್ದದ್ದು ಸಗಣಿ ಮೆತ್ತಿದ ಕೈಗಳು. ಅದನ್ನು ಕಂಡು ಮುಖ ಸಿಂಡರಿಸಿ ಹೋದವರೂ ಉಂಟು. ಅವರ ಹಣೆಬರಹ, ಏನು ಮಾಡಲಾದೀತು!

ಪುರವಂತ ಗದಿಗೆಪ್ಪ ಅಲ್ಲಿಗೆ ಬಂದದ್ದು, ಅಜ್ಜನವರ ಹತ್ತಿರ ಹೋಗೆಂಬ ಹೆಂಡತಿ ಗಂಗವ್ವನ ಕಾಟ ತಾಳಲಾರದೆ. ಮಗಳು ಶಂಕ್ರವ್ವನ ಮದುವೆ ಗೊತ್ತಾಗಿತ್ತು. ಮದುವೆಗೆ ಮುಂಚೆ ವೀರಭದ್ರ ದೇವರ ಗುಗ್ಗಳದ ಮೆರವಣಿಗೆ ಹೊರಡಬೇಕು. ಅದರ ಮುಂದೆ ಪುರವಂತನು ಕತ್ತಿ ಹಿಡಿದು ದೇವರ ಮಹಿಮೆ ಸಾರುವ ಒಡಪನ್ನು ಏರುದನಿಯಲ್ಲಿ ಹೇಳಬೇಕು. ತಲೆಮಾರುಗಳಿಂದ ಅದು ಗದಿಗೆಪ್ಪನ ಮನೆತನದ ಸೇವೆ. ಆದರೆ ಈಚೆಗೆ ಅರ್ಧ ಒಡಪಿಗೇ ಅವನ ಉಸಿರು ಸೋಲುತ್ತಿತ್ತು. ಬೆಳಗ್ಗೆ ಏಳುವಾಗ ಬಾಯಿ ಒಣಗಿ ನಾಲಿಗೆ ಕಟ್ಟಿಗೆಯಾಗಿರುತ್ತಿತ್ತು, ಹಗಲೆಲ್ಲ ತೂಕಡಿಕೆ. ಗೊರಕೆಗೆ ಬೇಸತ್ತು ಗಂಗವ್ವ ಹಾಸಿಗೆಯನ್ನು ಪಡಸಾಲೆಗೆ ಒಯ್ದಿದ್ದಳು. ಹೆತ್ತ ಮಗಳ ಗುಗ್ಗಳಕ್ಕೆ ಪರವೂರಿನ ಪುರವಂತನನ್ನು ಕರೆಸುವುದು ಅವನಿಗೆ ಸುತರಾಂ ಒಪ್ಪಿಗೆಯಿರಲಿಲ್ಲ.

ಅವನು ತನ್ನ ಕಷ್ಟವನ್ನೆಲ್ಲ ತೋಡಿಕೊಂಡ. ಅಜ್ಜನವರು ಕುಳ್ಳು ತಟ್ಟುತ್ತಲೇ ಕೇಳಿದರು. ಹೇಳಿ ಮುಗಿಸಿದ ಮೇಲೂ ಅವನ ಬಾಯಿ ತೆರೆದೇ ಇತ್ತು. ಅವರು ಎದ್ದು ಕೈ ತೊಳೆದುಕೊಂಡು, ಬಿಲ್ವದ ಒಂದು ಎಸಳನ್ನು ಅವನ ಅಂಗೈಯಲ್ಲಿಟ್ಟರು.

"ಬಾಯಾಗ ಇಟ್ಕೋ."

ಗದಿಗೆಪ್ಪ ಅದನ್ನು ಕಣ್ಣಿಗೊತ್ತಿಕೊಂಡು, ಪ್ರಸಾದವೆಂದು ಕಚಕಚ ಅಗಿದು ನುಂಗಿಬಿಟ್ಟ!

ಅಜ್ಜನವರು ಮನಸಾರೆ ನಕ್ಕರು. "ತಿನ್ನಾಕ ಕೊಡಲಿಲ್ಲೋ ಮಾರಾಯಾ, ಹಿಡಿಯಾಕ ಕೊಟ್ಟೆ. ನಾಲಿಗಿ ಮ್ಯಾಲೆತ್ತಿ ಎಸಳನ್ನ ಅಂಗುಳಕ್ಕ ಒತ್ತಿ ಹಿಡಿ. ತುಟಿ ಮುಚ್ಚು. ಮೂಗಿಲೆ ಉಸಿರಾಡು. ಹಂಗ ಕುಂತು ನನ್ನ ಜೋಡಿ ಕುಳ್ಳು ತಟ್ಟು."

ಎದೆಯ ರೋಗಕ್ಕೆ ಬಂದರೆ ಎಲೆ, ಸಗಣಿ! ಗದಿಗೆಪ್ಪನಿಗೆ ಒಳಗೊಳಗೇ ಸಿಟ್ಟು ಬಂತು. ಆದರೂ ಅವರು ಕೊಟ್ಟ ಹೊಸ ಎಸಳನ್ನು ಬಾಯಲ್ಲಿಟ್ಟುಕೊಂಡು ಕುಳಿತ. ಸ್ವಲ್ಪದರಲ್ಲೇ ಉಸಿರುಗಟ್ಟಿದಂತಾಗಿ ಗಾಬರಿಯಿಂದ ಬಾಯಿ ತೆರೆದ, ಎಸಳು ಸಗಣಿಯೊಳಗೆ ಬಿತ್ತು.

"ಆಗೂದಿಲ್ರೀ ಅಜ್ಜಾರ, ಸತ್ತೇ ಹೋಗ್ತೀನಿ!"

"ಶಿವ ಉಸಿರಿಗೆ ಮೂಗು ಕೊಟ್ಟಾನ, ಒಡಪಿಗೆ ಬಾಯಿ ಕೊಟ್ಟಾನ. ನೀ ಎರಡೂ ಕೆಲಸ ಬಾಯಿಗೇ ಹಚ್ಚೀಯಲ್ಲೋ. ಅದು ದಣಿಯೂದಿಲ್ಲೇನು?"

ಇಷ್ಟು ಹೇಳಿ ಇನ್ನೊಂದು ಎಸಳು ಕೊಟ್ಟರು. ಅದೂ ಬಿತ್ತು. ಮತ್ತೊಂದನ್ನು ಕೊಟ್ಟರು, ಬೇಸರಿಸಲಿಲ್ಲ. ಹೊತ್ತು ಇಳಿಯುವಷ್ಟರಲ್ಲಿ ಎಸಳು ನಿಂತಿತು. ಉಸಿರು ಮೂಗಿನಿಂದ ಮೆಲ್ಲಗೆ ಹೊಟ್ಟೆಯ ತನಕ ಇಳಿದುಹೋದದ್ದು ಗದಿಗೆಪ್ಪನಿಗೇ ಗೊತ್ತಾಯಿತು. ಇಷ್ಟು ದಿನ ಎಲ್ಲಿತ್ತು ಇದು ಎಂದು ಅವನು ಬೆರಗಾದ.

ಅಂದಿನಿಂದ ಹೊಲದಲ್ಲಿ, ಹಾದಿಯಲ್ಲಿ, ಕಟ್ಟೆಯ ಮೇಲೆ, ಎಚ್ಚರವಿದ್ದಾಗಲೆಲ್ಲ ಅವನಿಗೆ ಅದೇ ಅಭ್ಯಾಸ. ಹೆಚ್ಚು ಮಾತಿನ ಗದಿಗೆಪ್ಪ ಮೂಕನಾದನೇ ಎಂದು ಗೆಳೆಯರು ಕಾಡಿಸಿದರು. ಬರಬರುತ್ತ ಎಸಳಿಲ್ಲದೆಯೂ ನಾಲಿಗೆ ತನ್ನ ಜಾಗ ಹಿಡಿಯಿತು. ಗೊರಕೆ ತಗ್ಗಿತು. ಗಂಗವ್ವ ಹಾಸಿಗೆಯನ್ನು ಮತ್ತೆ ಒಳಗೆ ತಂದಳು.

ಗುಗ್ಗಳದ ದಿನ ಕತ್ತಿ ಎತ್ತಿದ ಗದಿಗೆಪ್ಪ ತುಟಿ ಮುಚ್ಚಿ ಸುಮ್ಮನೆ ನಿಂತುಬಿಟ್ಟ. ಬೀಗರು ಗುಸುಗುಸು ಶುರುಮಾಡಿದರು. ಶಂಕ್ರವ್ವನ ಮುಖ ಬಾಡಿತು. ಅವನು ಮೂಗಿನಿಂದ ತುಂಬು ಉಸಿರೆಳೆದು ಬಾಯಿ ತೆರೆದ ನೋಡಿ, ಒಡಪು ಎಲ್ಲಿಯೂ ತಡವರಿಸದೆ ಕೊನೆಯ ಅಕ್ಷರದವರೆಗೆ ಮೊಳಗಿತು! ಸಂಬಾಳ ವಾದ್ಯದವರು ಬಾರಿಸುವುದನ್ನೇ ಮರೆತರು. ಮಗಳು ಎಲ್ಲರೆದುರು ಓಡಿಬಂದು ಅಪ್ಪನ ಕಾಲು ಹಿಡಿದಳು.

ಮದುವೆ ಮುಗಿದದ್ದೇ ಗದಿಗೆಪ್ಪ ಗುಡ್ಡ ಹತ್ತಿದ. ಅಜ್ಜನವರು ಎಂದಿನಂತೆ ಕುಳ್ಳು ತಟ್ಟುತ್ತಿದ್ದರು. ಅವನು ಸಾಷ್ಟಾಂಗ ಬಿದ್ದು ಸುದ್ದಿ ಹೇಳಲು ಹೊರಟಾಗ ಅವರೇ ತಡೆದರು.

"ಹೇಳಬ್ಯಾಡಪ್ಪಾ. ಇಲ್ಲೀತನಕಾ ಕೇಳಿಸ್ತು."

ಗದಿಗೆಪ್ಪನ ಕಣ್ಣಲ್ಲಿ ನೀರು ಧಾರಾಕಾರ ಸುರಿಯಿತು. ಆದರೆ ಬಾಯಿ ತೆರೆಯಲಿಲ್ಲ. ಅಂಗಿಯ ತೋಳು ಮಡಚಿಕೊಂಡು, ಅಜ್ಜನವರ ಪಕ್ಕದಲ್ಲಿ ಕುಳಿತು, ಸಗಣಿಗೆ ಕೈ ಹಾಕಿದ.