ಹೊಟ್ಟೆಗೆ ರವೆ ಮೆತ್ತಿಕೊಂಡ ಘಟ

ಸಂಗೀತ ಸಭೆಗೆ ಹೊಸದಾಗಿ ಬಂದ ಮಣ್ಣಿನ ಘಟಕ್ಕೆ ಮೃದಂಗವೆಂದರೆ ಪ್ರಾಣ. ಅದರ ತಾಳಗಳನ್ನೆಲ್ಲ ಕೇಳಿ ಕೇಳಿ ಬಾಯಿಪಾಠ ಮಾಡಿತ್ತು. ಆದರೆ ಆ ಗಂಭೀರವಾದ "ಧೋಂ" ಮಾತ್ರ ಎಷ್ಟು ತಿಣುಕಿದರೂ ಬರಲೊಲ್ಲದು. ಕಚೇರಿಗೆ ಮುಂಚೆ ಮೃದಂಗದ ಎಡಮುಖಕ್ಕೆ ಕಲಸಿದ ರವೆ ಮೆತ್ತಿದೊಡನೆ ಆ "ಧೋಂ" ಮೊಳಗುವುದನ್ನು ಒಂದು ಸಂಜೆ ಘಟ ಕಂಡಿತು. "ಗುಟ್ಟು ಸಿಕ್ಕಿತು!" ಎಂದು ಕುಣಿದು, ಮಿಕ್ಕ ರವೆಯಲ್ಲಿ ಹೊರಳಾಡಿ ಮೈತುಂಬ ಮೆತ್ತಿಕೊಂಡಿತು.

ಈಗ ಬಾಯಿಬಿಟ್ಟರೆ ಬರೀ "ತೊಪ್ಪ್"! ಕಚೇರಿ ಇನ್ನೇನು ಶುರುವಾಗಬೇಕು, ಘಟ ಎಷ್ಟು ಮೈ ಕೊಡವಿದರೂ ರವೆ ಉದುರಲಿಲ್ಲ. ಅಷ್ಟರಲ್ಲಿ ರವೆಯ ವಾಸನೆಗೆ ಇರುವೆಗಳ ದಂಡೇ ಬಂತು. ಅಯ್ಯಯ್ಯೋ, ಕಚಗುಳಿಯೋ ಕಚಗುಳಿ! ಇರುವೆಗಳು ರವೆ ಹೊತ್ತೊಯ್ದಷ್ಟೂ ಘಟದ ನಗು ಜೋರಾಯಿತು. ನಕ್ಕಿದ್ದಾದರೂ ಹೇಗೆ? ಬಾಯಿಪಾಠವಾಗಿದ್ದ ತಾಳದಲ್ಲೇ: "ಟಿಣ್‌ಕಿಣ ಟಿಣ್‌ಕಿಣ ಟಿಣ್!"

ಮೃದಂಗ ಬೆರಗಾಗಿ ಕೇಳಿತು: "ತಾಳವೇನೋ ನನ್ನದು. ಈ ನಗು ಯಾರದಯ್ಯಾ?"

"ಗೊತ್ತಿಲ್ಲ ಗುರುಗಳೇ, ನನ್ನದೇ ಇರಬೇಕು!" ಎಂದು ಘಟ ಇನ್ನಷ್ಟು ನಕ್ಕಿತು. ಅಂದು ಸಭೆಯೆಲ್ಲ ಅದರ ಜೊತೆ ತಲೆದೂಗಿತು.

ಮರುದಿನ ಮೃದಂಗ ಆಚೀಚೆ ನೋಡಿ, ಮೆಲ್ಲಗೆ ಇರುವೆಗಳನ್ನು ಕರೆಯಿತು: "ನನಗೂ ಒಂಚೂರು ಕಚಗುಳಿ ಇಡುವಿರಾ?"