‘ಆಗದ್ದು’ ಎಂಬ ಹೆಸರು

ತುಂಗಭದ್ರೆಯ ದಂಡೆಯ ಆಶ್ರಮದಲ್ಲಿ ಸಣ್ಣದೊಂದು ಆಸ್ಪತ್ರೆಯಿತ್ತು. ಅದರ ಕಂಪ್ಯೂಟರಿನ ಕೆಲಸವನ್ನು ಚೆನ್ನವೀರನೆಂಬ ಯುವಕ ತನ್ನ ಗುರುಗಳಾದ ಸುಗಲಾತಾಯಿಯವರ ಬಳಿ ಕಲಿಯುತ್ತಿದ್ದ.

ರೋಗಿಗಳ ಹಳೆಯ ವಿವರಗಳೆಲ್ಲ ಎಕ್ಸ್‌ಎಂಎಲ್ ಎಂಬ ಬಗೆಯ ಕಂಪ್ಯೂಟರ್ ಕಡತಗಳಲ್ಲಿದ್ದವು. ಅವನ್ನು ಓದಿ ವೈದ್ಯರ ಪರದೆಗೆ ತರಲು ಅವನು ಜಾವಾ ಭಾಷೆಯಲ್ಲಿ ಪ್ರೋಗ್ರಾಂ ಬರೆದ. ಕಡತದ ಒಂದೊಂದು ಆಟ್ರಿಬ್ಯೂಟೂ, ಅಂದರೆ ಹೆಸರಿಟ್ಟು ಬರೆದ ವಿವರವೂ, ಪ್ರೋಗ್ರಾಂನಲ್ಲಿ ಅದೇ ಹೆಸರಿನ ಪ್ರಾಪರ್ಟಿ ಎಂಬ ಖಾನೆಯಲ್ಲಿ ಹೋಗಿ ಕೂರಬೇಕು. ಓಡಿಸಿದಾಗ ಒಂದೂ ದೋಷ ತೋರಲಿಲ್ಲ. ಚೆನ್ನವೀರ ಒಳಗೊಳಗೇ ಹಿಗ್ಗಿದ.

ಮರುದಿನ ಬೆಳಿಗ್ಗೆ ಗಂಟಲು ಕೆಟ್ಟು ಜ್ವರ ಬಂದ ಮುದುಕಿ ಹುಸೇನಬಿ ಬಂದರು. ಪರದೆಯಲ್ಲಿ ‘ಅಲರ್ಜಿ’ಯ ಮುಂದೆ ಏನೂ ಇರಲಿಲ್ಲ. ನರ್ಸ್ ಪೆನಿಸಿಲಿನ್ ಸೂಜಿ ಸಿದ್ಧಮಾಡಿದಳು. ಪಕ್ಕದಲ್ಲಿದ್ದ ಸುಗಲಾತಾಯಿ, ಚುಚ್ಚುವ ಮೊದಲು ಅವರನ್ನೇ ಒಮ್ಮೆ ಕೇಳು ಎಂದರು.

“ಪೆನ್ಸಿಲಿನ್ ನನಗ ಆಗಂಗಿಲ್ಲವ್ವ,” ಎಂದರು ಹುಸೇನಬಿ. “ಹಿಂದೊಮ್ಮೆ ಉಸಿರೇ ಕಟ್ಟಿತ್ತು. ಕಂಪೌಂಡರ್ ಕರಿಬಸಪ್ಪ ಬರಕೊಂಡಿದ್ರಲ್ಲ.”

ಚೆನ್ನವೀರ ಕಂಪ್ಯೂಟರಿನತ್ತ ಓಡಿದ. ಕಡತ ತೆರೆದು ನೋಡಿದ. ಕರಿಬಸಪ್ಪ ಬರೆದೇ ಇದ್ದರು. ಆದರೆ ಆ ಆಟ್ರಿಬ್ಯೂಟಿಗೆ ಅವರಿಟ್ಟ ಹೆಸರು ‘ಆಗದ್ದು’. ಇವನ ಪ್ರಾಪರ್ಟಿಯ ಹೆಸರು ‘ಅಲರ್ಜಿ’. ಹೆಸರು ಹೊಂದದ್ದನ್ನು ಪ್ರೋಗ್ರಾಂ ಸದ್ದಿಲ್ಲದೆ ಬಿಟ್ಟು ಮುಂದೆ ಹೋಗಿತ್ತು.

ಅವನು ಮುದುಕಿಯ ಕೈ ಹಿಡಿದು ತಪ್ಪಾಯಿತು ಎಂದ. ಅವರು ಅವನ ತಲೆ ಸವರಿದರು.

“ಬರದವರು ಬರದಾರ, ಕೇಳಿದವರು ಕೇಳ್ಯಾರ. ನಾ ಬದುಕೀನಲ್ಲ, ಅಳಬ್ಯಾಡ.”

ಹಳೆಯ ಕಡತಗಳಲ್ಲೆಲ್ಲ ಹೆಸರು ತಿದ್ದಿಬಿಡುತ್ತೇನೆ ಎಂದು ಅವನು ಗುರುಗಳಿಗೆ ಹೇಳಿದ. ಹೊಳೆಯಾಚೆಯ ಆಸ್ಪತ್ರೆಯವರೂ ಈ ಕಡತಗಳನ್ನು ‘ಆಗದ್ದು’ ಎಂಬ ಹೆಸರು ಹಿಡಿದೇ ಓದುತ್ತಾರೆ ಎಂದರು ತಾಯಿ. ಹಾಗಾದರೆ ನನ್ನ ಪ್ರಾಪರ್ಟಿಯ ಹೆಸರನ್ನೇ ಬದಲಿಸುತ್ತೇನೆ ಎಂದ. ವೈದ್ಯರ ಪರದೆ, ಔಷಧದ ಚೀಟಿ ಎಲ್ಲವೂ ನೀನಿಟ್ಟ ಹೆಸರನ್ನೇ ನಂಬಿವೆ ಎಂದರು.

“ಮತ್ತೆ ಯಾರು ಬದಲಾಗಬೇಕು ತಾಯಿ?”

ಅವರು ಕೀಲಿಮಣೆ ಎಳೆದುಕೊಂಡು, ‘ಅಲರ್ಜಿ’ ಎಂಬ ಪ್ರಾಪರ್ಟಿಯ ತಲೆಯ ಮೇಲೆ ಒಂದೇ ಸಾಲು ಸೇರಿಸಿದರು: ಕಡತದಲ್ಲಿ ಇದರ ಹೆಸರು ‘ಆಗದ್ದು’.

“ಯಾರೂ ಬೇಡ,” ಎಂದರು. “ಪರಿಚಯ ಮಾಡಿಸಿದರೆ ಸಾಕು.”

ಪ್ರೋಗ್ರಾಂ ಮತ್ತೆ ಓಡಿತು. ಹುಸೇನಬಿಯ ಹೆಸರಿನ ಮುಂದೆ ಪೆನಿಸಿಲಿನ್ ಮೂಡಿತು. ಬೆನ್ನಿಗೇ ಇನ್ನೂ ನಲವತ್ತೊಂದು ಜನರ ಮುಂದೆ ಒಂದೊಂದು ಔಷಧದ ಹೆಸರು. ಚೆನ್ನವೀರ ಪ್ರತಿಯೊಂದನ್ನೂ ಮೆಲ್ಲಗೆ ಓದಿದ.

ಅಂದು ಮಧ್ಯಾಹ್ನವೇ ಅವನು, ನಿವೃತ್ತರಾಗಿ ಊರಲ್ಲಿದ್ದ ಕರಿಬಸಪ್ಪನವರ ಮನೆ ಹುಡುಕಿಕೊಂಡು ಹೋದ. ನಡೆದದ್ದನ್ನೆಲ್ಲ ಹೇಳಿ ಕಾಲಿಗೆರಗಿದ. ಆ ಹೆಸರನ್ನೇ ಏಕೆ ಇಟ್ಟಿರಿ ಎಂದು ಕೇಳಿದ.

“ಅಲರ್ಜಿ ಐತೇನು ಅಂದ್ರ ಮಂದಿ ಸುಮ್ಮನ ಇಲ್ಲ ಅಂತಿದ್ರು,” ಎಂದರು ಅವರು. “ಏನು ಆಗಂಗಿಲ್ಲ ಅಂತ ಕೇಳಿದ್ರ ಎಲ್ಲಾ ಹೇಳತಿದ್ರು. ಅವರ ಮಾತನ್ನ ಬರಕೊಂಡೆ.”

ಸಂಜೆ ಆಶ್ರಮಕ್ಕೆ ಮರಳಿದ ಚೆನ್ನವೀರ ಗುರುಗಳ ಮುಂದೆ ಕೈಮುಗಿದು ಕೂತ. ಅಷ್ಟು ಜನರ ಜೀವ ಕಾಯುವ ಮಾತು ಅಲ್ಲೇ ಇತ್ತು, ನಾನು ಏನೂ ಇಲ್ಲವೆಂದುಕೊಂಡಿದ್ದೆ ಎಂದ. ಕರಿಬಸಪ್ಪನವರ ಈ ಉಪಕಾರವನ್ನು ಹೇಗೆ ತೀರಿಸಲಿ ಎಂದು ಕೇಳಿದ.

ಸುಗಲಾತಾಯಿ ಹೇಳಿದರು:

“ಖಾಲಿ ಕಂಡ ಕಡೆಯಲ್ಲಿ, ಏನೂ ಇಲ್ಲ ಎನ್ನುವ ಮೊದಲು ಇನ್ನೊಂದು ಹೆಸರಿನಿಂದ ಕರೆದು ನೋಡು.”