ಇನ್ನಾಸಪ್ಪನ ಪಾಲಿಗೆ ಬಂದ ಕತ್ತೆ

ಹೊಂಗೆಕೊಪ್ಪಲಿನ ದೇವಾಲಯದ ಹಿಂದೆ ಹಂಚು ಹೊದಿಸಿದ ಒಂದೇ ಒಂದು ಕೋಣೆ. ಒಳಗೆ ಹಗ್ಗದ ಮಂಚ, ಗೋಡೆಯ ಮೇಲೊಂದು ಶಿಲುಬೆ, ಮೂಲೆಯಲ್ಲಿ ಹಳೆಯ ಸೈಕಲ್ಲು. ಪೂಜ್ಯ ಮಿಕ್ಕೇಲಪ್ಪ ಸ್ವಾಮಿಗಳು ಇಪ್ಪತ್ತೆರಡು ವರ್ಷ ಅಲ್ಲಿಯೇ ಬಾಳಿದರು. ಮಳೆಗೆ ಸೂರು ಸೋರಿದರೆ ಮಂಚವನ್ನು ಅತ್ತ ಎಳೆದುಕೊಳ್ಳುತ್ತಿದ್ದರೇ ಹೊರತು ಯಾರಿಗೂ ಹೇಳುತ್ತಿರಲಿಲ್ಲ. ಮಾತು ಬಲು ಕಡಿಮೆ. ಪೂಜೆಯಲ್ಲಿ ಅವರು ಮಾಡುವ ಪ್ರಸಂಗ ಬೀಡಿ ಹಚ್ಚಿ ಆರಿಸುವುದರೊಳಗೆ ಮುಗಿಯುತ್ತದೆ ಎಂದು ಊರಿನವರು ಪ್ರೀತಿಯಿಂದಲೇ ಹಾಸ್ಯ ಮಾಡುತ್ತಿದ್ದರು.

ಒಂದು ವರ್ಷ ಕ್ರಿಸ್ಮಸ್ಸಿನ ಹಿಂದಿನ ದಿನ ಬೆಳಿಗ್ಗೆ, ರಾಗಿ ಮೆದೆಗಳ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಸ್ವಾಮಿಗಳು ಹೊಸ್ತಿಲ ಬಳಿ ಚಾಪೆ ಹಾಕಿಕೊಂಡು ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ಹಬ್ಬದ ದಿನ ಊರಿನ ದಿಕ್ಕಿಲ್ಲದವರಿಗೆಲ್ಲ ಅವರ ಕೋಣೆಯಲ್ಲೇ ಊಟ. ಹಿತಕಿದ ಬೇಳೆ ಸಾರು ತಪ್ಪುವಂತಿರಲಿಲ್ಲ. ಆಗ ಇನ್ನಾಸಪ್ಪ ಬಂದ. ಅವನು ದೇವಾಲಯದ ಕಡೆ ತಲೆ ಹಾಕಿ ಆರು ವರ್ಷವಾಗಿತ್ತು. ಕಂಕುಳಲ್ಲಿ ಟವೆಲು ಸುತ್ತಿದ ಏನನ್ನೋ ಇಟ್ಟುಕೊಂಡಿದ್ದ.

“ಸ್ತೋತ್ರ ಸ್ವಾಮಿ. ಇದ್ನ ನಮ್ಮಣ್ಣನ ಮನೆಗೆ ನೀವೇ ಮುಟ್ಟಿಸ್ಬುಡಿ. ನಾನು ಅಲ್ಲಿಗೆ ಹೋಗಕಿಲ್ಲ” ಎಂದು ಗಂಟನ್ನು ಚಾಪೆಯ ಮೇಲಿಟ್ಟ. ಟವೆಲಿನೊಳಗಿಂದ ಮಣ್ಣಿನ ಎರಡು ಕಿವಿಗಳು ಕಂಡವು.

ಆ ಕಿವಿಗಳ ಕತೆಯನ್ನು ಇಲ್ಲಿ ಹೇಳಲೇಬೇಕು. ಇನ್ನಾಸಪ್ಪನ ತಂದೆ ಚೌರಪ್ಪನವರದು ತುಂಬಿದ ಮನೆ. ನಾಲ್ವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು, ಸೊಸೆ ಅಳಿಯ ಮೊಮ್ಮಕ್ಕಳೆಲ್ಲ ಕೂತರೆ ನಲವತ್ತು ಎಲೆ. ಡಿಸೆಂಬರ್ ಬಂತೆಂದರೆ ಕಜ್ಜಾಯಕ್ಕೆ ಅಕ್ಕಿ ಕುಟ್ಟುವ ಸದ್ದು, ಬೀದಿಯ ತುದಿಯವರೆಗೂ ಅವರೆಯ ಸೊಗಡು. ಹಾಸಿಗೆ ಸಾಲದೆ ಮಕ್ಕಳೆಲ್ಲ ಪಡಸಾಲೆಯಲ್ಲಿ ಹುಲ್ಲು ಹರಡಿಕೊಂಡು ಒಂದೇ ಜಮಖಾನೆಗೆ ಎಳೆದಾಡುತ್ತಿದ್ದರು. ಆ ಚಳಿ ಈಗೆಲ್ಲಿ, ಆ ಜಗಳವಾದರೂ ಈಗೆಲ್ಲಿ! ಹಬ್ಬದ ಹಿಂದಿನ ದಿನ ಎಲ್ಲರೂ ಸೇರಿ ಗೋದಲಿ ಕಟ್ಟುವರು. ಬಾಲಯೇಸು ಹುಟ್ಟಿದ ಕೊಟ್ಟಿಗೆ ಅದು. ಹುಲ್ಲಿನ ಸೂರು, ತಟ್ಟೆಯಲ್ಲಿ ಮೊಳೆಸಿದ ರಾಗಿಪೈರಿನ ಹುಲ್ಲುಗಾವಲು, ಕುಂಬಾರರಿಂದ ಮಾಡಿಸಿದ ಮಣ್ಣಿನ ಬೊಂಬೆಗಳು.

ಚೌರಪ್ಪನವರು ಸಾಯುವ ವರ್ಷ ಹೊಲ ಮನೆಯ ಜೊತೆಗೆ ಆ ಬೊಂಬೆಗಳನ್ನೂ ಪಾಲು ಮಾಡಿದರು. ಹಿರಿಯ ಮಗ ರಾಯಪ್ಪನಿಗೆ ಬಾಲಯೇಸು. ಎರಡನೆಯವನಿಗೆ ಮಾತೆ ಮರಿಯಮ್ಮನವರು, ಮೂರನೆಯವನಿಗೆ ಜೋಸೆಫರು. ಹೆಣ್ಣುಮಕ್ಕಳಿಗೆ ಕುರುಬರು, ಕುರಿಗಳು, ಮೂವರು ಜ್ಞಾನಿಗಳು. ಕಿರಿಯವನಾದ ಇನ್ನಾಸಪ್ಪನ ಕೈಗೆ, ತುಂಬು ಬಸುರಿ ಮರಿಯಮ್ಮನವರನ್ನು ಹೊತ್ತು ಬಂದ ಕತ್ತೆ. “ವರ್ಸಕ್ಕೊಂದ್ಸಲ ಎಲ್ರೂ ತಂದು ಕೂಡಿಸ್ಬೇಕು. ಒಂದು ಬೊಂಬೆ ಕಮ್ಮಿಯಾದ್ರೂ ಗೋದಲಿ ಕಟ್ಬ್ಯಾಡಿ” ಎಂದು ಅಪ್ಪಣೆ ಕೊಟ್ಟರು. ಬೇಲಿ ಹಾಕಿಸಿದರೂ ನಡುವೆ ದಾರಿ ಬಿಟ್ಟ ಮುದುಕರು ಅವರು.

ಆದರೆ ನಮ್ಮ ಕಡೆ ಕತ್ತೆಯೆಂದರೆ ಏನೆಂದು ಹೇಳಬೇಕಾಗಿಲ್ಲ. ಇನ್ನಾಸಪ್ಪ ಅದನ್ನು ಹೇಗೋ ನುಂಗಿಕೊಂಡು ಮೂರು ವರ್ಷ ಹೊತ್ತು ತಂದ. ನಾಲ್ಕನೆಯ ವರ್ಷ ಅವನ ಮಗಳ ಗಂಡ, ಹೊಸ ಅಳಿಯ, ಮೊದಲ ಸಲ ಹಬ್ಬಕ್ಕೆ ಬಂದಿದ್ದ. ಕತ್ತೆಯನ್ನು ಎದೆಗವಚಿಕೊಂಡು ಇನ್ನಾಸಪ್ಪ ಅಣ್ಣನ ಮನೆಯ ಹೊಸ್ತಿಲು ದಾಟುತ್ತಿದ್ದಂತೆ ರಾಯಪ್ಪ, “ಕತ್ತೆ ಬಂತು, ಜಾಗ ಬಿಡ್ರಪ್ಪೋ!” ಎಂದು ಕೂಗಿದ. ಮನೆ ಬಿದ್ದುಹೋಗುವಂತೆ ಎಲ್ಲರೂ ನಕ್ಕರು. ಹೊಸ ಅಳಿಯನೂ ನಕ್ಕ. ಇನ್ನಾಸಪ್ಪ ಅಲ್ಲಿಂದಲೇ ಹಿಂದಿರುಗಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ರಾಯಪ್ಪ ತಮಾಷೆಗೆ ಅಂದದ್ದೆಂದು ಹೇಳಿಕಳುಹಿಸಿದನೇ ಹೊರತು ತಾನು ಬರಲಿಲ್ಲ. ಅಂದಿನಿಂದ ಗೋದಲಿ ನಿಂತಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಅವರವರ ಕಜ್ಜಾಯ ಅವರವರ ಮನೆಯಲ್ಲೇ ಬೇಯತೊಡಗಿತು. ಅಣ್ಣ ಕೂರುವ ದೇವಾಲಯವೂ ಇನ್ನಾಸಪ್ಪನಿಗೆ ಬೇಡವಾಯಿತು.

ಈಗ ತಾಯಿ ಜ್ಞಾನಮ್ಮ ರಾಯಪ್ಪನ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಕಣ್ಣು ಮುಚ್ಚುವ ಮೊದಲು ಒಂದು ಸಲ ಗೋದಲಿ ನೋಡಬೇಕೆಂಬುದು ಅವರ ಆಸೆ. ಅದಕ್ಕಾಗಿ ಎಲ್ಲರೂ ಬಂದು ಸೇರಿದ್ದರು, ಎಲ್ಲ ಬೊಂಬೆಗಳೂ ಬಂದಿದ್ದವು. ಬಾರದೆ ಉಳಿದದ್ದು ಇದೊಂದೇ.

“ಅವ್ವ ನೋಡ್ಲಿ ಸ್ವಾಮಿ, ಬ್ಯಾಡ ಅನ್ನಕಿಲ್ಲ. ಕತ್ತೆ ಹೋಗ್ಲಿ, ನಾನು ಹೋಗಕಿಲ್ಲ. ಅಣ್ಣ ಅಂದಿದ್ದು ಬುಡಿ. ಹೆತ್ತಪ್ಪನೇ ನನ್ನ ಬೆಲೆ ಕಟ್ಟಿ ಹೋದ್ನಲ್ಲ, ಅದನ್ನ ಯಾವ ದೇವ್ರು ಅಳಿಸ್ತಾನೆ?” ಎಂದ ಇನ್ನಾಸಪ್ಪ.

ಸ್ವಾಮಿಗಳು ಕೈ ತೊಳೆದುಕೊಂಡರು. ಟವೆಲು ಬಿಚ್ಚಿ ಕತ್ತೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಬೆನ್ನನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದರು. ಆಮೇಲೆ ಕೇಳಿದರು:

“ಕಾಲು ಬಿದ್ದುಹೋದ ಮೇಲೂ ನಿಮ್ಮಪ್ಪ ಎರಡು ವರ್ಷ ಒಂದು ಭಾನುವಾರದ ಪೂಜೇನೂ ತಪ್ಪಿಸಲಿಲ್ಲ. ಹೇಗೆ ಬರ್ತಿದ್ದರು, ಇನ್ನಾಸಪ್ಪ?”

“ಹೆಂಗೆ ಅಂದ್ರೆ... ಹಳ್ಳ ದಾಟಿ ಗಾಡಿ ಬರ್ತಿರ್ನಿಲ್ವಲ್ಲ ಸ್ವಾಮಿ. ನಾನೇ ಬೆನ್ ಮ್ಯಾಲೆ...”

ಅಣ್ಣಂದಿರು ಮುಂದಾಗಿ ಹೋಗಿ ದೇವಾಲಯದಲ್ಲಿ ಜಾಗ ಹಿಡಿಯುತ್ತಿದ್ದರು. ತಾನು ಹಿಂದಿನಿಂದ ಅಪ್ಪನನ್ನು ಹೊತ್ತು ಹಳ್ಳಕ್ಕೆ ಇಳಿಯುತ್ತಿದ್ದ. ಕುತ್ತಿಗೆಗೆ ಚುಚ್ಚುವ ಬಿಳಿ ಗಡ್ಡ, ಹೊಗೆಸೊಪ್ಪಿನ ವಾಸನೆ. ದಡ ಹತ್ತಿ ಹುಣಸೆಮರದ ಹತ್ತಿರ ಬಂದಾಗ ಪ್ರತಿ ಭಾನುವಾರವೂ ಅಪ್ಪ ಕಿವಿಯಲ್ಲಿ ಕೇಳುತ್ತಿದ್ದರು, “ಭಾರ ಆಯ್ತೇನೋ ಮಗಾ?” ಅದು ನೆನಪಿಡಬೇಕಾದ ಕೆಲಸವೆಂದು ಇನ್ನಾಸಪ್ಪನಿಗೆ ಇದುವರೆಗೆ ತೋರಿರಲೇ ಇಲ್ಲ.

ಸ್ವಾಮಿಗಳು ಕತ್ತೆಯನ್ನು ಅವನ ಕೈಗೇ ಹಿಂದಿರುಗಿಸಿ, “ಪಾಲು ಮಾಡುವಾಗ ಅವರು ಆ ಬೆನ್ನನ್ನು ಮರೆತಿರಲಿಲ್ಲ” ಎಂದರು. ಅಷ್ಟೇ. ಮತ್ತೆ ಅವರೆಕಾಳಿಗೆ ಕೈ ಹಾಕಿದರು.

ಐವತ್ತು ದಾಟಿದ ಇನ್ನಾಸಪ್ಪ ಆ ಹೊಸ್ತಿಲ ಮೇಲೆ ಕೂತು ಮಗುವಿನಂತೆ ಅತ್ತ.

ಮಧ್ಯಾಹ್ನ ಅವನು ಅಣ್ಣನ ಮನೆಯ ಬಾಗಿಲಲ್ಲಿ ನಿಂತಾಗ ಪಡಸಾಲೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ರಾಯಪ್ಪ ಎದ್ದುನಿಂತ. ಇನ್ನಾಸಪ್ಪ ಕತ್ತೆಯನ್ನು ಅಣ್ಣನ ಕೈಗಿತ್ತು, “ಅವ್ವ ಎಲ್ಲಿ?” ಎಂದ.

“ಒಳ್ಗವ್ಳೆ ಕಣೋ. ಏಳಕ್ಕಾಯ್ತಿಲ್ಲ.”

ಇನ್ನಾಸಪ್ಪ ಒಳಗೆ ಹೋಗಿ ತಾಯಿಯ ಮಂಚಕ್ಕೆ ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕೂತ. ಸೊಸೆಯಂದಿರು ಹಿಡಿದೆತ್ತಿ ಮುದುಕಿಯನ್ನು ಅವನ ಬೆನ್ನಿಗೆ ಹತ್ತಿಸಿದರು. ಕೋಣೆಯ ಬಾಗಿಲಲ್ಲಿ ನೋಡಲೆಂದು ಜನ ಮುತ್ತಿಕೊಂಡಿತ್ತು. ಅವನು ತಲೆಯೆತ್ತಿ ಗಟ್ಟಿಯಾಗಿ ಕೂಗಿದ:

“ಕತ್ತೆ ಬಂತು, ಜಾಗ ಬಿಡ್ರಪ್ಪೋ!”

ಯಾರೂ ನಗಲಿಲ್ಲ. ಮಣ್ಣಿನ ಕತ್ತೆಯನ್ನು ಹಿಡಿದುಕೊಂಡಿದ್ದ ರಾಯಪ್ಪನೇ ಮೊದಲು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಇನ್ನೂ ಬೊಂಬೆ ಕೂರಿಸದ ಗೋದಲಿಯ ಮುಂದೆ ಬಂದಾಗ ಜ್ಞಾನಮ್ಮ ಮಗನ ಕಿವಿಗೆ ಬಾಯಿಟ್ಟು ಕೇಳಿದರು.

“ಭಾರ ಆಯ್ತೇನೋ ಮಗಾ?”

“ಇಲ್ಲ ಕಣವ್ವಾ” ಎಂದ ಇನ್ನಾಸಪ್ಪ. ಹುಣಸೆಮರದ ಹತ್ತಿರ ಅಪ್ಪನಿಗೂ ಅವನು ಹೇಳುತ್ತಿದ್ದದ್ದು ಅದನ್ನೇ.

ಆ ವರ್ಷ ಗೋದಲಿಗೆ ಎಲ್ಲಕ್ಕಿಂತ ಮೊದಲು ಕತ್ತೆಯನ್ನು ಇಟ್ಟವನು ರಾಯಪ್ಪ. ಇಂದಿಗೂ ಆ ಮನೆಯಲ್ಲಿ ಅದೇ ಪದ್ಧತಿ ನಡೆದುಬಂದಿದೆ. ಕೊನೆಗಾಲದಲ್ಲಿ ಮಿಕ್ಕೇಲಪ್ಪ ಸ್ವಾಮಿಗಳ ಕಾಲಿನ ಶಕ್ತಿಯೂ ಉಡುಗಿತು. ಆಗ ಅವರನ್ನು ಆ ಕೋಣೆಯಿಂದ ಬಲಿಪೀಠದವರೆಗೆ ದಿನವೂ ಬೆನ್ನ ಮೇಲೆ ಹೊತ್ತು ತಂದವನು ಇನ್ನಾಸಪ್ಪ. ಹೊಸಬರು ಯಾರಾದರೂ ನೀವು ಸ್ವಾಮಿಗಳಿಗೆ ಏನಾಗಬೇಕು ಎಂದು ಕೇಳಿದರೆ, ಅವನು ಎದೆಯುಬ್ಬಿಸಿ ಹೇಳುತ್ತಿದ್ದ, “ನಾನಾ? ನಾನು ಅವ್ರ ಕತ್ತೆ.”